ಲೋಗೋ, ಬರವಣಿಗೆ, ಫೋಟೋ ಎಲ್ಲಾ ಮಾಡುತ್ತೇನೆ, ನಾನು ಯಾರು ಅಂತ ಹೇಳಿಕೊಳ್ಳಲಿ?

ಬಣ್ಣದ_ಡಬ್ಬಿ:
ಓದಿದ್ದು ಚಿತ್ರಕಲೆ. ಈಗ ಲೋಗೋ ಮಾಡುತ್ತೇನೆ, ಜಾಹೀರಾತಿಗೆ ಕನ್ನಡ ಬರೆಯುತ್ತೇನೆ, ಫೋಟೋ ತೆಗೆಯುತ್ತೇನೆ, ನಾಟಕದವರು ಕರೆದರೆ ಪರದೆಗೂ ಬಣ್ಣ ಬಳಿಯುತ್ತೇನೆ. ಹೋದ ವಾರ ಒಂದು ಏಜೆನ್ಸಿಯಲ್ಲಿ ಪೋರ್ಟ್‌ಫೋಲಿಯೊ ತಿರುವಿ ಹಾಕಿ "ಇದರಲ್ಲಿ ನೀವು ಯಾರು?" ಅಂದರು. ಮಾತೇ ಹೊರಡಲಿಲ್ಲ. ಈಗ ಇಳಕಲ್ ಸೀರೆ ಮಾರುವ ಪುಟ್ಟ ಅಂಗಡಿಯ ಕೆಲಸ ಸಿಕ್ಕಿದೆ. ಅವರಿಗೆ ಲೋಗೋದಲ್ಲಿ ನವಿಲು ಬೇಕಂತೆ. ಹಾಕಿಕೊಟ್ಟು ಸುಮ್ನೆ ದುಡ್ಡು ತಗೊಳ್ಳಲಾ? ಇನ್ನು ಮೇಲಾದರೂ ಒಂದೇ ಕೆಲಸ ಹಿಡಿದು ಕೂರಲಾ?

ಹಳೇ_ಪ್ರೆಸ್ಸು:
ಮನೆಯಲ್ಲಿ ಮೈಸೂರ್ ಸ್ಯಾಂಡಲ್ ಸೋಪಿದ್ದರೆ ಡಬ್ಬಿ ನೋಡಿ. ಆನೆಯ ತಲೆ, ಸಿಂಹದ ಮೈ, ಅದು ಶರಭ. ಮೊದಲ ಮಹಾಯುದ್ಧದಲ್ಲಿ ಗಂಧದ ಮರ ಯುರೋಪಿಗೆ ಹೋಗದೆ ರಾಶಿ ಬಿತ್ತು, ಅದಕ್ಕೇ 1916ರಲ್ಲಿ ಇಲ್ಲೇ ಎಣ್ಣೆ ತೆಗೆಯಲು ಶುರು ಮಾಡಿದರು, ಆಮೇಲೆ ಸೋಪು ಬಂತು. ಆ ಸೋಪು ಮಾಡಿದ ಸೋಸಲೆ ಗರಳಪುರಿ ಶಾಸ್ತ್ರಿಗಳು ಕೆಮಿಸ್ಟ್ರಿಯವರು. ಆದರೂ ಸೋಪಿನ ಆಕಾರ, ಒಡವೆ ಪೆಟ್ಟಿಗೆಯಂಥ ಡಬ್ಬಿ, ಎಲ್ಲಕ್ಕೂ ತಲೆ ಕೆಡಿಸಿಕೊಂಡವರು ಅವರೇ. ಅವರನ್ನು ಯಾರೂ "ನೀವು ಯಾರು" ಅಂತ ಕೇಳಿರಲಿಕ್ಕಿಲ್ಲ ಬಿಡಿ!

ಕೆಂಪು_ಸೆರಗು:
ನಾನು ಬಾಗಲಕೋಟೆ ಕಡೆಯವಳು. ನವಿಲು ಬೇಡ ಅಂತ ಈಗಲೇ ಹೇಳಬೇಡಿ, ಮೊದಲು ಮಗ್ಗದ ಹತ್ತಿರ ಎರಡು ದಿನ ಕೂತು ಬನ್ನಿ. ಇಳಕಲ್ ಸೀರೆಯ ಒಡಲಿನ ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಹಾಸುವ ನೂಲು, ಬೇರೆ, ಸೆರಗಿನ ಹಾಸು ಬೇರೆ, ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಕೆಂಪು ಸೆರಗಿನ ಮೇಲೆ ಟೋಪ್ ತೆನಿ ಅನ್ನೋ ಬಿಳಿ ವಿನ್ಯಾಸ ಕಂಡರೆ ನಮ್ಮಜ್ಜಿ ಬಸ್ಸಿನ ಕಿಟಕಿಯಿಂದಲೇ "ನಮ್ಮ ಸೀರೆ" ಅನ್ನುತ್ತಿದ್ದಳು. ಕಸೂತಿ ಹಾಕಿದ ಸೀರೆಯಲ್ಲಿ ನವಿಲೂ ಇರುತ್ತದೆ, ಆದರೆ ಅದು ಸೂಜಿ ಕೆಲಸ, ಮಗ್ಗದ್ದಲ್ಲ. ಇದನ್ನು ನೋಡಿ, ಕೇಳಿ, ಬರೆದು, ಫೋಟೋ ತೆಗೆದು, ಆಮೇಲೆ ಲೋಗೋ ಮಾಡೋಕೆ ನಿಮ್ಮಂಥವರೇ ಬೇಕಲ್ವಾ?

ಲೆಕ್ಕದ_ಮನುಷ್ಯ:
ಎಲ್ಲಾ ಸರಿ, ದುಡ್ಡು? ಓಡಾಟ, ಫೋಟೋ, ಬರವಣಿಗೆ, ಲೋಗೋ ಎಲ್ಲಕ್ಕೂ ಬೇರೆ ಬೇರೆ ಬಿಲ್ ಮಾಡಿ. ನಾನು ಮೂರು ವರ್ಷ ಎಲ್ಲವನ್ನೂ "ಲೋಗೋ" ಅಂತ ಒಂದೇ ಸಾಲಲ್ಲಿ ಬರೆದು ಕೆಟ್ಟೆ. ಪೋರ್ಟ್‌ಫೋಲಿಯೊದಲ್ಲೂ ಇಪ್ಪತ್ತು ಚೂರು ಬೇಡ. ಈ ಸೀರೆ ಕೆಲಸವೊಂದನ್ನೇ ಮೊದಲಿಂದ ಕೊನೆತನಕ ಇಡಿ, ಬಿಟ್ಟುಹಾಕಿದ ನವಿಲಿನ ಸಮೇತ.

ಬಣ್ಣದ_ಡಬ್ಬಿ:
ಅಂಗಡಿಯವರಿಗೆ ಫೋನ್ ಮಾಡಿ ಕೊಂಡಿ ವಿಷಯ ಕೇಳಿದೆ. ಅರ್ಧ ಗಂಟೆ ಮಾತಾಡಿದರು, ನವಿಲಿನ ಸುದ್ದಿಯೇ ಎತ್ತಲಿಲ್ಲ. ಶುಕ್ರವಾರ ರಾತ್ರಿ ಬಸ್ಸಿಗೆ ಇಳಕಲ್‌ಗೆ ಹೊರಟಿದ್ದೇನೆ. ಓಡಾಟದ ಖರ್ಚು ಕೇಳೋದು ಮಾತ್ರ ಮರೆತೆ.