ದೊಡ್ಡಪ್ಪ ಕಳಿಸಿದ ಷಡ್ಭುಜ

ಬೆಳ್ಳಂಬೆಳಿಗ್ಗೆ ದೊಡ್ಡಪ್ಪ ಮನೆಯ ಗುಂಪಿಗೆ ಒಂದು ಫಾರ್ವರ್ಡ್ ಹಾಕಿದರು. ಒಂದು ಘನದ ಚಿತ್ರ, ಅದರ ಹೊಟ್ಟೆಯಲ್ಲಿ ಕೆಂಪು ಬಣ್ಣದ ಆರು ಮೂಲೆಯ ಆಕೃತಿ. ಕೆಳಗಿನ ಬರಹ ಹೀಗಿತ್ತು: "ಘನವನ್ನು ಒಂದೇ ಸಲ ನೇರವಾಗಿ ಕೊಯ್ದರೆ ಷಡ್ಭುಜ ಬರುತ್ತದೆ! ಇಂದಿನ ಮಕ್ಕಳಿಗೆ ಇದು ಕಾಣುವುದೇ ಇಲ್ಲ. ಮೊಬೈಲ್ ನೋಡಿ ನೋಡಿ ಅವರ ಮೆದುಳು ಚಪ್ಪಟೆಯಾಗಿದೆ. ಎಲ್ಲ ತಂದೆ ತಾಯಂದಿರಿಗೂ ಕಳಿಸಿ."

ಇದು ಯಾರಿಗೆ ಅಂತ ಎಲ್ಲರಿಗೂ ಗೊತ್ತಾಯಿತು. ಅಕ್ಕನ ಮಗಳು ಪುಟ್ಟಿ ಒಂಬತ್ತನೇ ತರಗತಿ. ಅವಳ ಕೈಗೆ ಫೋನು ಕೊಟ್ಟದ್ದು ದೊಡ್ಡಪ್ಪನಿಗೆ ಇವತ್ತಿಗೂ ಸರಿ ಬಂದಿಲ್ಲ.

ಭಾವ: "ಮಾವ, ಇದಕ್ಕೆ ಮೂಲ ಎಲ್ಲಿ? ಯಾರು, ಯಾವ ಮಕ್ಕಳನ್ನು ಪರೀಕ್ಷೆ ಮಾಡಿದ್ದು?"

ದೊಡ್ಡಪ್ಪ: "ಕಣ್ಣೆದುರಿಗೆ ಇರುವುದಕ್ಕೂ ಮೂಲ ಬೇಕೇ? ನಮ್ಮ ಕಾಲದಲ್ಲಿ ಹಿರಿಯರು ಹೇಳಿದರೆ ಕೇಳುತ್ತಿದ್ದೆವು."

ಭಾವ: "ಮಕ್ಕಳ ಮಾತು ಬಿಡಿ. ಘನದ ಮುಖಗಳೆಲ್ಲ ಚೌಕ. ಷಡ್ಭುಜ ಎಲ್ಲಿಂದ ಬರುತ್ತದೆ? ಯಾರೋ ಚಿತ್ರ ತಿದ್ದಿದ್ದಾರೆ."

ಇಡೀ ಫಾರ್ವರ್ಡಿನಲ್ಲಿ ನಿಜ ಅಂತ ಇದ್ದದ್ದು ಒಂದೇ ಮಾತು. ಭಾವ ಸರಿಯಾಗಿ ಅದನ್ನೇ ಹಿಡಿದು ಸುಳ್ಳು ಅಂದರು.

ಗಣಿತ ಕಲಿಸುವ ಅತ್ತಿಗೆ ಸುಮ್ನಿರಲಿಲ್ಲ. "ಷಡ್ಭುಜ ಬರುತ್ತದೆ ಅಣ್ಣ. ಘನಕ್ಕೆ ಆರು ಮುಖ. ಕೊಯ್ತ ಒಂದೊಂದು ಮುಖದ ಮೇಲೂ ಒಂದು ಗೆರೆ ಬಿಡುತ್ತದೆ. ಆರೂ ಮುಖಕ್ಕೆ ತಗುಲಿದರೆ ಆರು ಗೆರೆ. ಆರು ಅಂಚುಗಳ ಮಧ್ಯಬಿಂದುಗಳ ಮೂಲಕ ಕೊಯ್ದರೆ ಎಲ್ಲ ಬದಿಯೂ ಸಮ. 10 ಸೆಂಟಿಮೀಟರ್ ಘನವಾದರೆ ಬದಿ ಸುಮಾರು 7.07 ಸೆಂಟಿಮೀಟರ್. ಆದರೆ ಮಕ್ಕಳಿಗೆ ಕಾಣದಿರುವುದಕ್ಕೆ ಅರ್ಧ ಕಾರಣ ಆ ಚಿತ್ರವೇ. ಹಾಳೆಯ ಮೇಲೆ ಘನವನ್ನು ಓರೆಯಾಗಿ ಬರೆದರೆ ಷಡ್ಭುಜವೂ ಸೊಟ್ಟಗೆ ಕಾಣುತ್ತದೆ. ಕಾಗದದಲ್ಲಿ ಚಪ್ಪಟೆ ಮಾಡಿದ್ದು ನಾವು, ಬೈಗುಳ ಮಕ್ಕಳಿಗೆ."

ಚಿಕ್ಕಮ್ಮ ಕೈ ಮುಗಿಯುವ ಚಿತ್ರ ಹಾಕಿದರು. ಓದಿರಲಿಕ್ಕಿಲ್ಲ.

ದೊಡ್ಡಪ್ಪ: "ನೋಡಿ, ಟೀಚರೇ ಒಪ್ಪಿದರು, ಮಕ್ಕಳಿಗೆ ಕಾಣುವುದಿಲ್ಲ ಅಂತ."

ಅತ್ತಿಗೆ: "ನಾನು ಹಾಗೆ ಹೇಳಲಿಲ್ಲ ಮಾವ. ಹೋದ ವರ್ಷವೂ ನನ್ನ ಮಾತನ್ನು ಹೀಗೇ ತಿರುಗಿಸಿದ್ದಿರಿ."

ಹೋದ ವರ್ಷದ್ದು ಶುರುವಾದರೆ ಮುಗಿಯುವುದಿಲ್ಲ. ಭಾವನಿಗೆ ಮೂಲ ಇನ್ನೂ ಬೇಕಿತ್ತು. ಅತ್ತಿಗೆ ಒಂದು ಕೊಟ್ಟರು: 1971ರಲ್ಲಿ ಶೆಪರ್ಡ್ ಮತ್ತು ಮೆಟ್ಜ್ಲರ್ ಎಂಬಿಬ್ಬರು ಮನೋವಿಜ್ಞಾನಿಗಳು ಮೂರು ಆಯಾಮದ ಆಕೃತಿಗಳ ಜೋಡಿ ಚಿತ್ರಗಳನ್ನು ತೋರಿಸಿ, ಎರಡೂ ಒಂದೇನಾ ಅಂತ ಕೇಳಿದ್ದರು. ಆಕೃತಿ ಎಷ್ಟು ತಿರುಗಿದೆಯೋ, ಉತ್ತರಕ್ಕೂ ಅಷ್ಟು ಜಾಸ್ತಿ ಹೊತ್ತು ಹಿಡಿಯಿತು. ಉತ್ತರ ಕೊಟ್ಟವರು ದೊಡ್ಡವರು. ಆಗ ಯಾರ ಕೈಯಲ್ಲೂ ಮೊಬೈಲ್ ಇರಲಿಲ್ಲ. ಈ ಸಂದೇಶಕ್ಕೆ ದೊಡ್ಡಪ್ಪ ಉತ್ತರಿಸಲಿಲ್ಲ.

ಅಷ್ಟರಲ್ಲಿ ಚಿಕ್ಕಪ್ಪನ ಮಗ ಗುಂಡ ಬಂದ. "ನಮ್ಮ ಸ್ಕೂಲಿನ ಗಾಜಿನ ಬೀರು ನೆನಪಿದೆಯಾ? ಒಳಗೆ ಮರದ ಶಂಕು ಇತ್ತು. ಬಿಚ್ಚಿದರೆ ಅಡ್ಡ ಕೊಯ್ದ ಕಡೆ ವೃತ್ತ, ಓರೆ ಕೊಯ್ದ ಕಡೆ ದೀರ್ಘವೃತ್ತ, ಶಂಕುವಿನ ಬದಿಗೆ ಸಮಾನಾಂತರವಾಗಿ ಕೊಯ್ದ ಕಡೆ ಪರವಲಯ, ಅಂದರೆ ಒಂದು ಕಡೆ ಬಾಯಿ ತೆರೆದ ಬಾಗು ಗೆರೆ. ಕೊಯ್ದ ಕಡೆಗೆಲ್ಲ ಕೆಂಪು ಬಣ್ಣ. ಆಹಾ, ಆ ಕಾಲ!"

ಅತ್ತೆ: "ಆಹಾ ಏನು? ಬೀರುವಿಗೆ ಬೀಗ ಹಾಕಿರುತ್ತಿದ್ದರು. ಇನ್‌ಸ್ಪೆಕ್ಟರ್ ಬಂದ ದಿನ ಮಾತ್ರ ಹೊರಗೆ. ನಾವು ಮುಟ್ಟಿದ್ದೇ ಇಲ್ಲ."

ಗುಂಡ: "ನಾನು ಮುಟ್ಟಿದ್ದೆ."

ಅತ್ತೆ: "ಮುಟ್ಟಿ ಅದರ ತುದಿ ಮುರಿದದ್ದೂ ನೀನೇ. ಬೈಸಿಕೊಂಡದ್ದು ನನ್ನ ಮಗ."

ಇಷ್ಟು ವರ್ಷದ ಮೇಲೆ ಕೇಸು ಮತ್ತೆ ತೆರೆಯಿತು. ತುದಿ ಮೊದಲೇ ಸಡಿಲವಿತ್ತು ಅಂತ ಗುಂಡ, ಸಾಕ್ಷಿ ಇದೆ ಅಂತ ಅತ್ತೆ. ಸಾಕ್ಷಿ ಯಾರು ಅಂತ ಕೇಳಿದವರು ಭಾವ, ಇನ್ಯಾರು?

ಈ ಗದ್ದಲದ ನಡುವೆ ಪುಟ್ಟಿ ಒಂದು ವಿಡಿಯೋ ಹಾಕಿದ್ದಳು. ಘನಾಕಾರದ ಪಾರದರ್ಶಕ ಡಬ್ಬಿ, ಅರ್ಧ ಮಟ್ಟಕ್ಕೆ ನೀಲಿ ನೀರು, ಮುಚ್ಚಳ ಭದ್ರ. ಮಟ್ಟಸವಾಗಿ ಇಟ್ಟಾಗ ನೀರಿನ ಮೇಲ್ಮೈ ಚೌಕ. ಒಂದು ಅಂಚಿನ ಮೇಲೆ ನಿಲ್ಲಿಸಿದಾಗ ಉದ್ದನೆಯ ಆಯತ. ಆಮೇಲೆ ಒಂದೇ ಮೂಲೆ ಕೆಳಗೆ, ಅದರ ಎದುರು ಮೂಲೆ ನೆಟ್ಟಗೆ ಮೇಲೆ. ನೀರು ಅಲುಗಾಡಿ ನಿಂತಿತು. ಆರು ಮೂಲೆ, ಸಮ ಬದಿ. ಮುಂದಿನ ತುಣುಕಿನಲ್ಲಿ ತುಸುವೇ ನೀರು, ಅದೇ ಭಂಗಿ: ತ್ರಿಭುಜ. ಪ್ರತಿ ಸಲ ಡಬ್ಬಿ ತಿರುಗಿಸುವ ಮುಂಚೆ ಅವಳ ತಮ್ಮ ಏನು ಬರುತ್ತದೆ ಅಂತ ಹಾಳೆಯಲ್ಲಿ ಬರೆದು ತೋರಿಸುತ್ತಾನೆ. ಅವನದು ಜಾಸ್ತಿ ತಪ್ಪು. ಆ ತಪ್ಪು ಹಾಳೆಗಳನ್ನೂ ಅವಳು ಹಾಗೇ ಬಿಟ್ಟಿದ್ದಳು. ನನಗೆ ಹಿಡಿಸಿದ್ದು ಅದೇ.

ಚಿಕ್ಕಮ್ಮ: "ಮೇಜು ಒದ್ದೆಯಾಗಿದೆ, ಒರೆಸು."

ಭಾವ: "ಹಾಗಾದರೆ ಏಳು ಮೂಲೆಯೂ ಬರಬಹುದಲ್ವಾ?"

ಪುಟ್ಟಿ: "ಇರುವುದೇ ಆರು ಮುಖ, ಏಳನೇ ಗೆರೆ ಎಲ್ಲಿ ಹಾಕ್ತೀಯ ಅಪ್ಪಾ?"

ಅತ್ತಿಗೆ: "ಐದು ಬರುತ್ತದೆ. ಆದರೆ ಎಲ್ಲ ಬದಿ, ಎಲ್ಲ ಕೋನ ಸಮ ಇರುವ ಪಂಚಭುಜ ಬರುವುದಿಲ್ಲ. ಐದು ಮುಖಕ್ಕೆ ತಗುಲಿದರೆ ಅದರಲ್ಲಿ ಎರಡು ಜೋಡಿ ಎದುರುಬದುರು ಮುಖ. ಆ ಗೆರೆಗಳು ಸಮಾನಾಂತರ ಆಗಲೇಬೇಕು. ಸಮ ಪಂಚಭುಜದಲ್ಲಿ ಸಮಾನಾಂತರ ಬದಿಗಳೇ ಇಲ್ಲ."

ಭಾವ ಇದಕ್ಕೆ ಮೂಲ ಕೇಳಲಿಲ್ಲ. ಅರ್ಧ ಗಂಟೆಯ ಮೇಲೆ ಒಂದು ಫೋಟೋ ಬಂತು. ಜೇಡಿಮಣ್ಣಿನ ಘನ, ಚಾಕುವಿಗೆ ಸಿಕ್ಕಿ ಒಂದು ಪಕ್ಕ ಕುಸಿದಿದೆ. "ಐದು ಮಾಡೋಕೆ ಹೋದರೆ ನನಗೆ ನಾಲ್ಕೇ ಮೂಲೆ ಬರ್ತಿದೆ."

ಅತ್ತಿಗೆ: "ಚಾಕು ಬೇಡ ಅಣ್ಣ, ಬಿಗಿ ದಾರ ಎಳೆಯಿರಿ. ಮೇಲಿನ ಒಂದು ಮೂಲೆ ಹಿಡಿಯಿರಿ. ಅದಕ್ಕೆ ಪೂರ್ತಿ ಎದುರಾದ ತಳದ ಮೂಲೆಗೆ ಬಂದು ಸೇರುವ ತಳದ ಎರಡು ಅಂಚುಗಳ ಮಧ್ಯ ಗುರುತು ಹಾಕಿ. ಈ ಮೂರು ಕಡೆ ಹಾದುಹೋಗುವ ಹಾಗೆ ಕೊಯ್ಯಿರಿ."

ಅತ್ತೆ: "ಅದೆಲ್ಲ ಇರಲಿ. ಗುಂಡ, ಶಂಕುವಿನ ತುದಿ ಈಗ ಎಲ್ಲಿದೆ?"