ಪದಚರ್ಚೆ: ಬ್ಯಾನರಿನಲ್ಲಿ ‘ಉಚಿತ’ ಇರಲೇ, ತೆಗೆಯಲೇ?

ಪ್ರಶ್ನೆ (ದಾವಣಗೆರೆಯಿಂದ)

ಮಾನ್ಯರೇ,

ಭಾನುವಾರ ನಮ್ಮ ಬಡಾವಣೆಯ ವಾಚನಾಲಯದಲ್ಲಿ ಮನೆಗಳ ಹಳೆಯ ಕಂಪ್ಯೂಟರುಗಳಿಗೆ ಲಿನಕ್ಸ್ (ವಿಂಡೋಸ್‌ನಂತೆ ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ) ಹಾಕಿಕೊಡಲಿದ್ದೇವೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಹಲವು ಹಳೆಯ ಯಂತ್ರಗಳಲ್ಲಿ ಇರುವುದಿಲ್ಲ. ಚೆನ್ನಾಗಿ ನಡೆಯುತ್ತಿರುವುದನ್ನು ಗುಜರಿಗೆ ಹಾಕಬೇಕೇ ಎಂದು ಜನ ಕೇಳುತ್ತಿದ್ದಾರೆ. ಬ್ಯಾನರಿನ ಸಾಲನ್ನು ಇಂದು ಸಂಜೆಯೊಳಗೆ ಅಂಗಡಿಗೆ ಕೊಡಬೇಕು. ‘ಉಚಿತ ಮುಕ್ತ ಆಕರ ಕಾರ್ಯಾಚರಣ ವ್ಯವಸ್ಥೆ’ (ಇಂಗ್ಲಿಷಿನ ‘ಫ್ರೀ ಓಪನ್ ಸೋರ್ಸ್ ಆಪರೇಟಿಂಗ್ ಸಿಸ್ಟಂ’) ಎಂದು ಬರೆದಿಟ್ಟುಕೊಂಡಿದ್ದೇನೆ. ‘ಉಚಿತ’ ಇರಲೇ, ತೆಗೆಯಲೇ? ‘ಕಾರ್ಯಾಚರಣ’ವೋ ‘ಕಾರ್ಯಾಚರಣೆ’ಯೋ?

ಉತ್ತರ (ಚಿತ್ರದುರ್ಗದಿಂದ)

ಐದು ಪದಗಳಲ್ಲಿ ಒಂದೂ ಕನ್ನಡದ್ದಲ್ಲ. ‘ಆಕರ’ ಎಂದರೆ ಗಣಿ, ‘ರತ್ನಾಕರ’ ನೋಡಿ. ಇಂಗಳದಾಳಿನ ತಾಮ್ರದ ಗಣಿಯನ್ನು ಕಂಡ ನಮ್ಮ ಜಿಲ್ಲೆಯಲ್ಲಿ ‘ಮುಕ್ತ ಆಕರ’ವೆಂದರೆ ಬಾಯಿ ತೆರೆದ ಗಣಿಯೇ. ‘ತೆರೆದ ಬುಡದ ನಡೆಸೇರ್ಪಾಟು’ ಎಂದು ಬರೆಯಿರಿ. ‘ಉಚಿತ’ದ ಮೂಲಾರ್ಥ ತಕ್ಕದ್ದು, ಯೋಗ್ಯವಾದದ್ದು; ‘ಔಚಿತ್ಯ’ದಲ್ಲಿ ಅದು ಇನ್ನೂ ಉಳಿದಿದೆ. ಅದರ ಜಾಗಕ್ಕೆ ‘ಬಿಟ್ಟಿ’ಯನ್ನು ಯಾರೂ ಸೂಚಿಸಬೇಡಿ. ಅದು ಸಂಸ್ಕೃತದ ‘ವಿಷ್ಟಿ’ಯ ತದ್ಭವ, ಕೂಲಿ ಕೊಡದೆ ಮಾಡಿಸಿಕೊಂಡ ದುಡಿಮೆ.

ಉತ್ತರ (ದಾವಣಗೆರೆಯಿಂದ, ಇನ್ನೊಬ್ಬರು)

‘ನಡೆಸೇರ್ಪಾಟು’ ಬೇಡ. ದಾರಿಹೋಕರು ನಿಂತು ಬಿಡಿಸಿಕೊಂಡು ಓದಬೇಕಾದ ಪದ ಬ್ಯಾನರಿಗೆ ಸಲ್ಲದು. ಸಮಾಸದಲ್ಲಿ ‘ಕಾರ್ಯಾಚರಣ’ವೇ ಸರಿ, ಆದರೆ ಇಲ್ಲಿ ಅದೂ ಅನಗತ್ಯ. ‘ಲಿನಕ್ಸ್’ ಎಂದರೆ ಸಾಕು.

‘ಉಚಿತ’ವನ್ನು ಮಾತ್ರ ಖಂಡಿತ ತೆಗೆಯಿರಿ, ಮೇಡಂ. ಔಚಿತ್ಯದ ವ್ಯುತ್ಪತ್ತಿ ಇಲ್ಲಿ ಕೆಲಸಕ್ಕೆ ಬಾರದು. ಇಂದು ಆ ಪದಕ್ಕೆ ಹಣವಿಲ್ಲದ್ದು ಎಂಬ ಅರ್ಥ ನೆಲೆಯಾಗಿದೆ, ತೊಂದರೆ ಇರುವುದೂ ಅಲ್ಲೇ. ಲಿನಕ್ಸ್ ಬರೆದ ಟೊರ್ವಾಲ್ಡ್ಸ್ 1991ರಲ್ಲಿ ಅದರ ಕರ್ನಲ್ (ತಿರುಳು ಭಾಗ) ಹೊರತಂದಾಗ ಅದನ್ನು ಹಂಚುವವರು ಹಣ ಪಡೆಯಬಾರದೆಂದು ಪರವಾನಗಿಯಲ್ಲಿ ಕಟ್ಟು ಹಾಕಿದ್ದರು. 1992ರಲ್ಲಿ ಆ ಕಟ್ಟನ್ನು ತೆಗೆದು ಮುಕ್ತ ತಂತ್ರಾಂಶದ ಪರವಾನಗಿಯಾದ ಜಿಪಿಎಲ್‌ಗೆ ಬಂದರು. ಅದರಡಿ ಮಾರಬಹುದು, ತಿದ್ದಬಹುದು, ಹಂಚಬಹುದು. ಪಡೆದವರಿಗೆ ಮೂಲ ಸಂಕೇತವನ್ನೂ (ಸೋರ್ಸ್ ಕೋಡ್) ಅದೇ ಹಕ್ಕುಗಳನ್ನೂ ಕೊಡಲೇಬೇಕು. ಜಿಪಿಎಲ್ ಬರೆದ ಸ್ಟಾಲ್ಮನ್ ಅವರೇ 1985ರಲ್ಲಿ ತಮ್ಮ ಇಮ್ಯಾಕ್ಸ್ ಎಂಬ ಪಠ್ಯ ಸಂಪಾದಕದ ಟೇಪನ್ನು 150 ಡಾಲರಿಗೆ ಮಾರುತ್ತಿದ್ದರು. ಹಣ ಪಡೆದರೂ ಅದು ಮುಕ್ತ ತಂತ್ರಾಂಶವೇ. ಇನ್ನೊಂದೆಡೆ, ಅಂಗಡಿಗಳಲ್ಲಿ ಪುಕ್ಕಟೆ ಹಾಕಿಕೊಡುವ ಕಳ್ಳಪ್ರತಿಗಳೂ ‘ಉಚಿತ’ವೇ ಆಗಿಬಿಡುತ್ತವೆ. ಎರಡನ್ನೂ ಒಂದೇ ಪದದಲ್ಲಿ ಕಟ್ಟಿದರೆ ನೀವು ಭಾನುವಾರ ಮಾಡುವ ಕೆಲಸಕ್ಕೇ ಅನ್ಯಾಯ.

‘ಮುಕ್ತ’ದ ಬದಲು ‘ಬಿಡುಗಡೆಯ ತಂತ್ರಾಂಶ’ ಎಂದು ಯಾರಾದರೂ ಹೇಳಬಹುದು. ‘ತಂತ್ರಾಂಶ ಬಿಡುಗಡೆ’ಯ ಜೊತೆ ಗೊಂದಲವಾಗುತ್ತದೆ. ‘ಸ್ವತಂತ್ರ ತಂತ್ರಾಂಶ’ದಲ್ಲಿ ತಂತ್ರ ಎರಡು ಸಲ ಬಂದು ಕಿವಿಗೆ ಹಿತವಲ್ಲ. ‘ಮುಕ್ತ’ವೇ ಇರಲಿ.

ಉತ್ತರ (ಚಿತ್ರದುರ್ಗದಿಂದ)

‘ಮುಕ್ತ’ವೂ ಎರವಲು. ಇಂದು ‘ಮುಕ್ತ’ ಬಿಟ್ಟುಕೊಟ್ಟರೆ ನಾಳೆ ಕನ್ನಡದಲ್ಲಿ ಪದ ಕಟ್ಟುವವರೇ ಇರುವುದಿಲ್ಲ.

ಉತ್ತರ (ದಾವಣಗೆರೆಯಿಂದ, ಇನ್ನೊಬ್ಬರು)

ನಮ್ಮ ಮಂಡಿಪೇಟೆಯ ‘ದಲ್ಲಾಳಿ’ ಅರಬ್ಬಿಯಿಂದ ಬಂದ, ಅವನು ಕೊಡುವ ‘ರಸೀದಿ’ ಪಾರಸಿಯಿಂದ ಬಂತು. ರೈತರಿಗೆ ಎರಡೂ ಕನ್ನಡವೇ. ಪದ ಕಟ್ಟುವುದನ್ನು ನಾನು ವಿರೋಧಿಸುವುದಿಲ್ಲ, ಪಾಠಪುಸ್ತಕಕ್ಕೆ ಕಟ್ಟಿ, ಶಾಲೆಯಲ್ಲಿ ಬಳಸಿ. ಬಳಕೆಗೆ ಬಂದ ಪದವನ್ನು ಬೀದಿಯಿಂದ ಎಬ್ಬಿಸಿ ಓಡಿಸುವುದಕ್ಕೆ ನನ್ನ ವಿರೋಧ.

ಪ್ರಶ್ನೆ ಕೇಳಿದವರಿಂದ

ಅಂಗಡಿಗೆ ಕೊಟ್ಟೆ: ‘ನಿಮ್ಮ ಹಳೆಯ ಕಂಪ್ಯೂಟರಿಗೆ ಲಿನಕ್ಸ್: ಮುಕ್ತ ತಂತ್ರಾಂಶ. ಹಾಕಿಕೊಡಲು ಶುಲ್ಕವಿಲ್ಲ. ನಿಮ್ಮ ಕಡತಗಳನ್ನು ಮೊದಲೇ ಪೆನ್ ಡ್ರೈವಿಗೆ ಉಳಿಸಿಕೊಂಡು ಬನ್ನಿ.’

ಉತ್ತರ (ಚಿತ್ರದುರ್ಗದಿಂದ)

‘ಕಡತ’ ಒಳ್ಳೆಯ ಪದ. ‘ಶುಲ್ಕ’ದ ಬದಲು ‘ಹಣ’ ಎನ್ನಬಹುದಿತ್ತು.