ಪದಚರ್ಚೆ: ಪಾಚಿವಿಷವನ್ನು ‘ಒಡೆಯುವುದೋ’, ‘ತೆಗೆಯುವುದೋ’?

ನಮಸ್ಕಾರ. ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ, ಮಂಜೇಶ್ವರ ಕಡೆಯ ಓದುಗರಿಗಾಗಿ ಕುಡಿಯುವ ನೀರಿನ ಕೈಪಿಡಿಯೊಂದು ಮಲಯಾಳದಿಂದ ಕನ್ನಡಕ್ಕೆ ಬರುತ್ತಿದೆ. ಕರಡಿನ ಒಂದು ವಾಕ್ಯ: ‘ಮುಂದುವರಿದ ಉತ್ಕರ್ಷಣದಿಂದ ಪಾಚಿಯನ್ನು ಒಡೆದು ವಿಷವನ್ನು ತೆಗೆಯಲಾಗುತ್ತದೆ.’ (ಉತ್ಕರ್ಷಣ ಅಂದರೆ ಆಕ್ಸಿಡೇಶನ್.) ಕ್ರಿಯಾಪದಗಳು ಸರಿಯೇ? ‘ಪಾಚಿನಂಜು’ ಅನ್ನಬಹುದೇ?

*

ವ್ಯಾಕರಣಕ್ಕೆ ಸರಿ, ನೀರಿಗೆ ಸರಿಯಲ್ಲ. ನೀಲಿ-ಹಸಿರು ಪಾಚಿಯ ಮೈಕ್ರೋಸಿಸ್ಟಿನ್ ಎಂಬ ವಿಷದ ಹೆಚ್ಚಿನ ಪಾಲು ಜೀವಂತ ಕೋಶದ ಒಳಗೇ ಇರುತ್ತದೆ. ಕೋಶ ಒಡೆಯಿತೋ, ವಿಷ ನೀರಿಗೆ ಬಿತ್ತು. ಮದಕದ (ಕೆರೆಯ) ಮೇಲೆ ಹಸಿರು ಪೈಂಟ್ ಚೆಲ್ಲಿದಂತೆ ಕೆನೆಗಟ್ಟಿದಾಗ ಬ್ಲೀಚಿಂಗ್ ಪೌಡರನ್ನೋ ಮೈಲುತುತ್ತನ್ನೋ ಸುರಿಯಬಾರದು ಅನ್ನುವುದು ಇದಕ್ಕೇ. (ಅಡಕೆ ತೋಟದವರ ಮನೆಯಲ್ಲಿ ಮೈಲುತುತ್ತು ಕೈಗೆಟಕುವಲ್ಲೇ ಇರುತ್ತದಲ್ಲ!)

ಮೊದಲು ಆಲಂ (ಪಟಿಕ) ಹಾಕಿ, ಗರಣೆಗಟ್ಟಿ ತಳಕ್ಕಿಳಿದ ಮೇಲೆ ಮರಳಿನಲ್ಲಿ ಸೋಸಿ, ಕೋಶಗಳನ್ನು ಇಡಿಯಾಗಿಯೇ ಹೊರಹಾಕಬೇಕು. ‘ತೆಗೆ’ ಸಲ್ಲುವುದು ಇಲ್ಲಿಗೆ. ತಳದ ಕೆಸರನ್ನೂ ತಡಮಾಡದೆ ಖಾಲಿ ಮಾಡಬೇಕು, ಇಲ್ಲವಾದರೆ ಕೋಶ ಅಲ್ಲೇ ಸತ್ತು ವಿಷ ಬಿಡುತ್ತದೆ. ಸೋಸಿದ ನೀರಿನಲ್ಲಿ ಕರಗಿ ಉಳಿದದ್ದಕ್ಕೆ ಉತ್ಕರ್ಷಣ. ಅದು ಏನನ್ನೂ ತೆಗೆಯುವುದಿಲ್ಲ, ವಿಷದ ಅಣುವನ್ನೇ ಮುರಿಯುತ್ತದೆ. ಆದ್ದರಿಂದ ಕೋಶಕ್ಕೆ ‘ಒಡೆ’, ಅಣುವಿಗೆ ‘ಮುರಿ’ ಎಂದು ಬೇರೆ ಮಾಡಿ. ಎರಡಕ್ಕೂ ಒಂದೇ ಪದ ಬಂದರೆ ಓದಿದವ ತಲೆಕೆಳಗು ಮಾಡುತ್ತಾನೆ.

‘ಮುಂದುವರಿದ’ ಅಂದರೆ ನಿಲ್ಲದೆ ನಡೆಯುತ್ತಿರುವುದು ಅಂತ ಕೇಳಿಸುತ್ತದೆ. ‘ತೀವ್ರ ಉತ್ಕರ್ಷಣ’ ಇರಲಿ. ಲೀಟರಿಗೆ 5–10 ಮಿ.ಗ್ರಾಂ ಹೈಡ್ರೊಜನ್ ಪೆರಾಕ್ಸೈಡ್ ಬೆರೆಸಿ ಯುವಿ (ಅತಿನೇರಳೆ) ದೀಪದ ಮುಂದೆ ಹಾಯಿಸಿದರೆ ಹುಟ್ಟುವ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಎಂಬ ಚುರುಕಿನ ಕಣ ಈ ಕೆಲಸ ಮಾಡುತ್ತದೆ. ಕ್ರಿಮಿ ಕೊಲ್ಲಲು ಚದರ ಸೆಂ.ಮೀ.ಗೆ 40 ಮಿಲಿಜೂಲ್ ಯುವಿ ಬೆಳಕು ಸಾಕು, ಇದಕ್ಕೆ ನೂರಾರು ಬೇಕು. ಮನೆಯ ಯುವಿ ಫಿಲ್ಟರಿಗೆ ‘ತೀವ್ರ ಉತ್ಕರ್ಷಣ’ ಎಂಬ ಹೆಸರು ಸಲ್ಲದು. ನೀರಿನಲ್ಲಿ ಕೊಳೆತ ಸೊಪ್ಪಿನ ಕಂದು ಇದ್ದರೆ ರ‍್ಯಾಡಿಕಲ್ ಅದರ ಮೇಲೇ ಖರ್ಚಾಗುತ್ತದೆ, ಆ ಕಂದು ಬೆಳಕನ್ನೂ ತಡೆಯುತ್ತದೆ. ಮಿಕ್ಕ ಪೆರಾಕ್ಸೈಡನ್ನು ಹರಳಿದ್ದಿಲಿನಲ್ಲಿ (ಹರಳುಹರಳಾದ ಸಕ್ರಿಯ ಇದ್ದಿಲು) ಹಾಯಿಸಿ ಕಳೆಯಬೇಕು. ಬಿಟ್ಟರೆ ಅದರ 1 ಮಿ.ಗ್ರಾಂ ಸುಮಾರು 2 ಮಿ.ಗ್ರಾಂ ಕ್ಲೋರಿನ್ ತಿನ್ನುತ್ತದೆ, ನಲ್ಲಿಯ ಕೊನೆಗೆ ಕ್ಲೋರಿನ್ ಉಳಿಯುವುದಿಲ್ಲ.

‘ನಂಜು’ ಬೇಡ. ನಮ್ಮ ಕಡೆ ಬದನೆಕಾಯಿಯೂ ನಂಜೇ, ಪಥ್ಯದ ಮಾತಾಗಿಬಿಡುತ್ತದೆ. ‘ವಿಷ’ ಎಂದು ಬರೆದು, ಪಕ್ಕದಲ್ಲೇ ‘ಕುದಿಸಿದರೂ ಹೋಗದು’ ಎಂದು ಸೇರಿಸಿ. ಮೈಕ್ರೋಸಿಸ್ಟಿನ್-ಎಲ್‌ಆರ್‌ಗೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ, ಜೀವನಪರ್ಯಂತ ಕುಡಿಯುವ ನೀರಿನಲ್ಲಿ, ಲೀಟರಿಗೆ 1 ಮೈಕ್ರೋಗ್ರಾಂ.

*

ಒಂದು ಸೇರ್ಪಡೆ. ಕರಡಿನಲ್ಲಿ ಉತ್ಕರ್ಷಣಕ್ಕೆ ಬಳಸುವ ಓಝೋನ್ ಅನಿಲದ ಹೆಸರೂ ಇದ್ದರೆ ‘ಎಲ್ಲ ನೀರಿಗೂ’ ಎಂಬ ಮಾತು ಹೊಡೆದುಹಾಕಿ. ಚಂದ್ರಗಿರಿ ಹೊಳೆಯ ಕೆಳಪಾತ್ರದಂತೆ ಬೇಸಗೆಯಲ್ಲಿ ಉಪ್ಪುನೀರು ಏರುವಲ್ಲಿ ಬ್ರೋಮೈಡ್ ಬರುತ್ತದೆ: ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 65 ಮಿ.ಗ್ರಾಂ, ನೂರಕ್ಕೆ ಒಂದು ಪಾಲು ಬೆರೆತರೂ 0.65 ಮಿ.ಗ್ರಾಂ. ಓಝೋನ್ ಅದನ್ನು ಬ್ರೋಮೇಟ್ ಮಾಡುತ್ತದೆ, ಕುಡಿಯುವ ನೀರಿನಲ್ಲಿ ಅದರ ಮಿತಿ ಲೀಟರಿಗೆ ಬರೇ 10 ಮೈಕ್ರೋಗ್ರಾಂ. ಅಂಥಲ್ಲಿ ಯುವಿ-ಪೆರಾಕ್ಸೈಡೇ ವಾಸಿ. ಮತ್ತೆ, ‘ಬ್ರೋಮೈಡ್’, ‘ಬ್ರೋಮೇಟ್’ ಎರಡನ್ನೂ ‘ಬ್ರೋಮಿನ್ ಲವಣ’ ಎಂದು ಒಂದೇ ಮಾಡಬೇಡಿ.